ಎಡತುದಿಯ ಕಿಟಕಿ

ಬಂದವನು ಟೋಪಿ ತೆಗೆದದ್ದು ತನಗಲ್ಲ ಎಂಬುದು ಹೆಸ್ಟರ್‌ಗೆ ತುಸು ತಡವಾಗಿ ಹೊಳೆಯಿತು. ಅವನು ಗೇಟಿನ ಹತ್ತಿರವೇ ನಿಂತು, ತಲೆಯೆತ್ತಿ ಮನೆಯ ಮೇಲಂತಸ್ತನ್ನು ನೋಡಿ, ಗುರುತಿಲ್ಲದವರಿಗೆ ತೋರಿಸುವ ಹದವಾದ ಮರ್ಯಾದೆಯಿಂದ ಟೋಪಿಯನ್ನು ಎತ್ತಿ ಇಳಿಸಿದ್ದ. ಆಮೇಲೆ ಬಾಗಿಲಲ್ಲಿ ನಿಂತ ಅವಳನ್ನು ಕಂಡು, ಟೋಪಿಯನ್ನು ಮತ್ತೊಮ್ಮೆ ತೆಗೆಯಬೇಕೋ ಬೇಡವೋ ಎಂದು ತಡವರಿಸುತ್ತ ಇಟ್ಟಿಗೆ ಹಾಸಿನ ದಾರಿಯಲ್ಲಿ ನಡೆದು ಬಂದ. ಅವಳಿಗೆ ಬೆಳಗಿನಿಂದಲೂ ಕಿರಿಕಿರಿಯಾಗಿತ್ತು. ಆ ಮನೆಯ ಮುಂಬಾಗಿಲನ್ನು ತೆಗೆಯುತ್ತಿದ್ದುದು ಮದುವೆಗೆ ಮತ್ತು ಹೆಣಕ್ಕೆ; ಬಂದು ಹೋಗುವವರೆಲ್ಲ ಹಿತ್ತಲಿನಿಂದಲೇ. ಈತ ದೊಡ್ಡ ಮನುಷ್ಯ, ಜಿಲ್ಲೆಯ ಹಳೇ ಮನೆಗಳನ್ನೆಲ್ಲ ನೋಡಿ ಯಾವುದನ್ನು ಕೆಡವಬಾರದೆಂದು ಹೇಳುವವನು ಎಂದು ಗಂಡ ರೂಬೆನ್ ಹೇಳಿದ್ದರಿಂದ, ಅವಳು ಅಗುಳಿಗೆ ಎಣ್ಣೆ ಬಿಟ್ಟು, ಭುಜ ಕೊಟ್ಟು ನೂಕಿ ಆ ಬಾಗಿಲನ್ನು ತೆರೆದಿದ್ದಳು. ನೂಕುವಾಗ ಏಪ್ರನ್ನಿಗೆ ತುಕ್ಕಿನ ಕಲೆ ಹತ್ತಿತ್ತು. ಕಲೆಯನ್ನು ಅಂಗೈಯಿಂದ ಮರೆಮಾಡಿಕೊಂಡೇ ಅವನನ್ನು ಒಳಗೆ ಕರೆದಳು.

ಥರ್ಲೋ ಎಂದು ಹೆಸರು ಹೇಳಿಕೊಂಡ. ತೆಳ್ಳನೆಯ, ಬಗ್ಗಿದ ಕತ್ತಿನ, ಒಳ್ಳೆಯ ಕೋಟಿನ ಮನುಷ್ಯ. ಬೂಟು ಒರೆಸಿಕೊಳ್ಳುತ್ತ, "ನಿಮ್ಮ ಯಜಮಾನ್ರು ಸೈನ್ಯದಲ್ಲಿದ್ರಾ, ಮಿಸೆಸ್ ಗ್ಯಾರಡ್?" ಎಂದು ಕೇಳಿದ.

"ಯಾಕೆ?"

"ಮೇಲಿನ ಕಿಟಕೀಲಿ ನಿಂತಿದ್ರಲ್ಲ, ಎಡಗಡೆ ತುದೀಲಿ. ನನ್ನ ನೋಡಿ ಸೆಲ್ಯೂಟ್ ಹೊಡೆದ್ರು. ನನಗೆ ಏನು ಮಾಡಬೇಕೋ ತೋಚಲಿಲ್ಲ, ಟೋಪಿ ತೆಗೆದೆ."

ರೂಬೆನ್ ಬೆಳಕು ಹರಿಯುವಾಗಲೇ ಬೀಟ್ ಗೆಡ್ಡೆ ಕೀಳಲು ಕೆಳಗಿನ ಹೊಲಕ್ಕೆ ಹೋಗಿದ್ದ. ಮನೆಯಲ್ಲಿ ಅವಳನ್ನು ಬಿಟ್ಟರೆ ಬೆಕ್ಕೂ ಇರಲಿಲ್ಲ. "ಹೌದು, ಅವರು ಸ್ವಲ್ಪ ತಮಾಷೆ ಮನುಷ್ಯ," ಎಂದುಬಿಟ್ಟಳು ಹೆಸ್ಟರ್. ರೂಬೆನ್ ಆಯುಷ್ಯದಲ್ಲಿ ಒಂದೂ ತಮಾಷೆ ಮಾಡಿದವನಲ್ಲ. ಹೀಗೇಕೆ ಅಂದೆ ಎಂದು ಅವಳಿಗೇ ತಿಳಿಯಲಿಲ್ಲ. ಬೀಳುವ ಪಾತ್ರೆಗೆ ಕೈ ತಾನಾಗಿ ಚಾಚಿಕೊಳ್ಳುವ ಹಾಗೆ ಆ ಸುಳ್ಳು ಬಾಯಿಂದ ಚಾಚಿಕೊಂಡಿತ್ತು. ಟೀ ಕುಡಿಯುತ್ತೀರಾ ಎಂದು ಕೇಳಿದಳು; ಆಮೇಲೆ ಆಗಲಿ ಎಂದು ಅವನು ಗೋಡೆಗಳ ಕಡೆ ತಿರುಗಿದ.

ಅವನು ಮನೆ ನೋಡುವ ರೀತಿ ಅವಳಿಗೆ ಹಿಡಿಸಲಿಲ್ಲ. ಕುದುರೆ ಕೊಳ್ಳುವವನು ತುಟಿ ಎತ್ತಿ ಹಲ್ಲು ನೋಡುವಂತೆ ತೊಲೆಗಳ ಸಂದಿಗೆ ಬೆರಳು ಹಾಕಿ ನೋಡುತ್ತಿದ್ದ, ಗೋಡೆಗೆ ಕಿವಿಯಿಟ್ಟು ಗೆಣ್ಣಿನಿಂದ ಬಡಿಯುತ್ತಿದ್ದ. ಒಲೆಯ ಗೂಡಿನೊಳಗೆ ತಲೆ ತೂರಿಸಿ, ಹೊಗೆಗೂಡಿನ ಮೇಲ್ತುದಿಯ ಆಕಾಶದ ಚೂರನ್ನು ನೋಡಿ ಸಂತೋಷದಿಂದ ಉದ್ಗರಿಸಿದ. ಈ ಮನೆ ಒಂದಲ್ಲ, ಎರಡು ಎಂದ ಅವನು. ಒಳಗಿರುವುದು ಓಕ್ ಮರದ ಚೌಕಟ್ಟಿನ ಮುದಿ ಮನೆ. ನೂರಾರು ವರ್ಷದ ಮೇಲೆ ಯಾವನೋ ಗ್ಯಾರಡ್, ಗೋಧಿ ಬೆಲೆ ಏರಿದ ಕಾಲದಲ್ಲಿ, ರಸ್ತೆಯಲ್ಲಿ ಹೋಗುವವರು ನೋಡಲಿ ಎಂದು ಅದರ ಮುಂದೆ ಕೆಂಪು ಇಟ್ಟಿಗೆಯ ಮುಖ ಎಬ್ಬಿಸಿದ್ದಾನೆ. "ಮುಖವಾಡ ಅನ್ನಿ. ಹಿಂದಿನಿಂದ ನೋಡಿದ್ರೆ ಕೊಟ್ಟಿಗೆ, ಮುಂದಿನಿಂದ ನೋಡಿದ್ರೆ ದೊರೆ ಮನೆ." ಅವನು ನಕ್ಕ. ಅವಳಿಗೆ ಯಾಕೋ ಮೈಮೇಲಿನ ಬಟ್ಟೆ ಸರಿದಂತಾಯಿತು. ಮದುವೆಗೆ ಮೊದಲು ಅವಳು ಈ ಮನೆ ನೋಡಲು ಬಂದಿದ್ದಾಗ ಅತ್ತೆ, ಹಿರಿಯ ಮಿಸೆಸ್ ಗ್ಯಾರಡ್, ಬಾತುಕೋಳಿಗಳ ಕೊಳವನ್ನು ತೋರಿಸಿ, ಆ ಗುಂಡಿಯ ಮಣ್ಣೇ ಬೆಂದು ಈ ಗೋಡೆಯಾದದ್ದು, ನೆಲದ ಹೊಟ್ಟೆ ಬಗೆದು ಮನೆಗೆ ಮುಖ ಮಾಡಿದ್ದೇವೆ ಎಂದಿದ್ದಳು. ಹೇಳುವಾಗ ಮುದುಕಿಯ ದನಿಯಲ್ಲಿ ಹೆಮ್ಮೆಯಿತ್ತೋ ಭಯವಿತ್ತೋ ಹೆಸ್ಟರ್‌ಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಮೇಲೆ ಹೋದರು. ಎರಡು ಮಲಗುವ ಕೋಣೆಗಳಲ್ಲಿ ಅವನು ಕಿಟಕಿಯ ಒಳಬದಿಯ ಮರದ ಬಾಗಿಲುಗಳನ್ನು ಮಡಚಿ ಬಿಡಿಸಿ ನೋಡಿದ. ಕೋಣೆಗಳ ಮುಂದಿನ ಓಣಿಯ ಎಡತುದಿಯ ಬಾಗಿಲಿನ ಹತ್ತಿರ ಹೆಸ್ಟರ್ ಅವನಿಗಿಂತ ಮುಂಚೆ ಹೋಗಿ ನಿಂತಳು. ಅಲ್ಲಿ ಸೇಬು ಹರಡಿದೆ, ಕಾಲಿಡಲು ಜಾಗವಿಲ್ಲ ಎಂದಳು. ಸುಳ್ಳಲ್ಲ, ಬಾಗಿಲ ಸಂದಿಯಿಂದ ಮಾಗಿದ ಸೇಬಿನ ಸಿಹಿ ಕಮಟು ಬರುತ್ತಲೇ ಇತ್ತು. ಅವನು ಒತ್ತಾಯ ಮಾಡಲಿಲ್ಲ. ಬಾಗಿಲಿನ ಕಡೆ ತಲೆ ಬಗ್ಗಿಸಿ, ಒಳಗಿನವರಿಗೆ ಎಂಬಂತೆ, ತೊಂದರೆಯಿಲ್ಲ ತೊಂದರೆಯಿಲ್ಲ ಎಂದು ಮೆಲ್ಲಗೆ ಹೇಳಿ ಮೆಟ್ಟಿಲ ಕಡೆ ತಿರುಗಿದ. ನಿಮ್ಮ ಯಜಮಾನರು ಎಲ್ಲಿ ಎಂದು ಅವನು ಕೇಳಬಹುದೆಂದು ಅವಳು ಕಾಯುತ್ತಿದ್ದಳು. ಅವನು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಂದು ಭಾರವಾಗಿ ಅವಳ ಬೆನ್ನ ಹಿಂದೆ ಮೆಟ್ಟಿಲಿಳಿಯಿತು.

ಹೊರಗೆ, ಮನೆಯ ಮುಂದಿನ ಹುಲ್ಲಿನ ಮೇಲೆ ನಿಂತು ಅವನು ಪೆನ್ಸಿಲನ್ನು ಗಾಳಿಯಲ್ಲಿ ಆಡಿಸುತ್ತ ಮಾತಾಡಿದ. ಇಟ್ಟಿಗೆಗಳನ್ನು ನೋಡಿ, ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ, ಮತ್ತೆ ಗಿಡ್ಡ. ಗಿಡ್ಡವಾಗಿ ಕಾಣುವುದು ಗಿಡ್ಡವಲ್ಲ, ಅದು ಅಡ್ಡ ಮಲಗಿದ ಇಟ್ಟಿಗೆ. ಗೋಡೆಯ ಈ ಮೈಯಿಂದ ಆ ಮೈವರೆಗೆ ಹಾದುಹೋಗಿ ಹಿಡಿದುಕೊಂಡಿರುತ್ತದೆ. ಬೆಂಕಿಗೆ ಹತ್ತಿರವಿದ್ದವು ನೀಲಿಗೆ ತಿರುಗಿವೆ. ನವೆಂಬರಿನ ಮಂಕು ಬಿಸಿಲಿನಲ್ಲಿ ಗೋಡೆ ನಿಜಕ್ಕೂ ಸುಂದರವಾಗಿತ್ತು, ಮೇಲೆ ಡೊಂಕು ಡೊಂಕಾಗಿ ಏರಿ ಇಳಿದ ಡಚ್ಚರ ಮಾದರಿಯ ತ್ರಿಕೋನ, ಗೋಡೆಗೆ ಬೆನ್ನು ಹಚ್ಚಿ ಹಬ್ಬಿದ ಪೇರು ಮರದ ಎಲೆಯುದುರಿದ ಕೊಂಬೆಗಳು. ಅವನ ಪೆನ್ಸಿಲು ಮೇಲಂತಸ್ತಿನ ಕಿಟಕಿಗಳನ್ನು ಬಲದಿಂದ ಎಡಕ್ಕೆ ಮುಟ್ಟುತ್ತ ಹೋಗಿ ತುದಿಯಲ್ಲಿ ನಿಂತಿತು. ಅಲ್ಲಿ ಕಿಟಕಿಯ ಆಕಾರವಿತ್ತು, ಕಮಾನಿತ್ತು, ಕೆಳಗೆ ಕಲ್ಲಿನ ಹಲಗೆಯಿತ್ತು. ಗಾಜಿರಬೇಕಾದಲ್ಲಿ ಇಟ್ಟಿಗೆಯಿತ್ತು.

"ಅರೆ, ಕುರುಡು ಕಿಟಕಿ," ಎಂದು ಅವನು ಮೊದಲು ಉತ್ಸಾಹಪಟ್ಟ. ಆಮೇಲೆ ಪೆನ್ಸಿಲು ಕೆಳಗಿಳಿಯಿತು. ಅವಳು ಅವನ ಮುಖ ನೋಡಲಿಲ್ಲ. ಏಪ್ರನ್ನಿನ ಕಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಅವನು, ತಾನು ನೋಡಿದ್ದು ಪಕ್ಕದ ಕಿಟಕಿ ಇರಬೇಕು, ದೂರದಿಂದ ಹಾಗಾಗುತ್ತದೆ ಎಂದ. ಇರಬೇಕು ಎಂದಳು ಅವಳು. ಆಗ ಅವನು ತನ್ನ ವಿದ್ಯೆಯ ಕಡೆಗೆ, ಮಳೆ ಬಂದಾಗ ಜಗಲಿಗೆ ಓಡುವವನಂತೆ, ಬೇಗಬೇಗ ಸರಿದುಕೊಂಡ. ಹಿಂದೆ ಕಿಟಕಿಗೂ ಕಂದಾಯವಿದ್ದ ಕಾಲದಲ್ಲಿ ಜನ ಹೀಗೆ ಮುಚ್ಚಿಬಿಡುತ್ತಿದ್ದರು. ಇದೂ ಆ ಕಾಲದ್ದೇ, ಅನುಮಾನವೇ ಬೇಡ. "ನೋಡಿ, ಅದೇ ಮಣ್ಣು, ಅದೇ ಸುಡುವಿಕೆ, ಸುಣ್ಣದ ಗಾರೆ. ಇನ್ನೂರು ವರ್ಷದಿಂದ ಯಾರೂ ಆ ಕಿಟಕಿಯಿಂದ ಹೊರಗೆ ನೋಡಿಲ್ಲ, ಮಿಸೆಸ್ ಗ್ಯಾರಡ್."

ಆ ಇಟ್ಟಿಗೆಗಳು ಹಳೇ ಹಂದಿಗೂಡಿನವು. ಹಂದಿಗೂಡು ಕಟ್ಟಿದ್ದೂ ಅದೇ ಕೊಳದ ಮಣ್ಣಿನಿಂದ, ಅದೇ ಕಾಲದಲ್ಲಿ. ಅದನ್ನು ಕೆಡವಿ, ಒಂದೊಂದನ್ನೂ ಉಳಿಯಿಂದ ಹೆರೆದು, ಬುಟ್ಟಿಯಲ್ಲಿ ಹೊತ್ತು ಏಣಿ ಹತ್ತಿ ಆ ಕಿಟಕಿಯನ್ನು ತುಂಬಿದ್ದು ರೂಬೆನ್. ಅವರ ಮದುವೆಯ ಹಿಂದಿನ ವಾರ. ಅವಳು ಹಾಗೆ ಹೇಳಬೇಕೆಂದು ಬಾಯಿ ತೆರೆದಳು. ಎದುರಿಗೆ ಓದಿದ ಮನುಷ್ಯ ಮುಖ ಅರಳಿಸಿಕೊಂಡು ನಿಂತಿದ್ದ. ಇನ್ನೂರು ವರ್ಷ ಎಂಬ ಮಾತು ಬೆಚ್ಚಗಿತ್ತು. ಅದರೊಳಗೆ ಹೊಕ್ಕು ಮಲಗಿಬಿಡಬಹುದಾಗಿತ್ತು. ಅವಳು ಬಾಯಿ ಮುಚ್ಚಿದಳು.

ಸೈಲಸ್ ರೂಬೆನ್‌ನ ಅಣ್ಣ. ಮೊದಲ ಮಹಾಯುದ್ಧದಿಂದ ಕೈಕಾಲು ನೆಟ್ಟಗಿಟ್ಟುಕೊಂಡೇ ಹಿಂದಿರುಗಿದ್ದ, ಮಾತನ್ನು ಮಾತ್ರ ಅಲ್ಲೆಲ್ಲೋ ಬಿಟ್ಟು ಬಂದಿದ್ದ. ಬೆಳಗಿನಿಂದ ಕತ್ತಲಾಗುವವರೆಗೆ ಆ ಕಿಟಕಿಯಲ್ಲಿ ನಿಂತು, ರಸ್ತೆಯಲ್ಲಿ ಹೋಗುವವರಿಗೆಲ್ಲ, ಪಾದ್ರಿಗೆ, ಹಾಲಿನ ಗಾಡಿಗೆ, ಕುರಿಮಂದೆಗೆ, ಸೆಲ್ಯೂಟ್ ಹೊಡೆಯುತ್ತಿದ್ದ. ಶಾಲೆ ಬಿಟ್ಟ ಮಕ್ಕಳು ಗೇಟಿನಲ್ಲಿ ಸಾಲುಗಟ್ಟಿ ನಿಂತು ತಿರುಗಿ ಹೊಡೆಯುತ್ತಿದ್ದರು. ಹೆಸ್ಟರ್‌ಳ ಜೊತೆ ಅವಳ ತಂದೆಯೂ ಚಿಕ್ಕಮ್ಮಂದಿರೂ ಗಂಡಿನ ಮನೆ ನೋಡಲು ಕುದುರೆಗಾಡಿಯಲ್ಲಿ ಬಂದ ದಿನ ಅವನು ಮೈಮೇಲೆ ಏನೂ ಇಲ್ಲದೆ ನಿಂತಿದ್ದ. ನೆಟ್ಟಗೆ, ಎದೆ ಮುಂದೆ ಮಾಡಿ, ಹಣೆಗೆ ಕೈಹಚ್ಚಿ. ಒಬ್ಬ ಚಿಕ್ಕಮ್ಮ ಕೈಗವಸು ಬಾಯಿಗೊತ್ತಿಕೊಂಡು ನಗತೊಡಗಿದಳು. ಆ ನಗು ಗಾಡಿಯಿಂದಿಳಿದು, ಮೇಜಿನ ಮುಂದೆ ಕೂತು, ಕೇಕ್ ತಿನ್ನುವಾಗಲೂ ನಿಲ್ಲಲಿಲ್ಲ. ಹೊರಡುವಾಗ ಗೇಟಿನ ಹತ್ತಿರ ಹೆಸ್ಟರ್ ರೂಬೆನ್‌ಗೆ, ಅದನ್ನು ಮುಚ್ಚಿಸು ಎಂದಳು. ಪರದೆ ಹಾಕಿಸು ಎಂಬ ಅರ್ಥದಲ್ಲಿ. ಹಾಗಂತ ಅವಳು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಿದ್ದಾಳೆ. ಕೆಲವು ಸಲ, ಬೆಣ್ಣೆ ಕಡೆಯುವಾಗಲೋ ಚರ್ಚಿನಲ್ಲಿ ಮಂಡಿಯೂರಿದಾಗಲೋ, ಆ ಸಂಜೆಯ ತನ್ನ ಮುಖ ಹೊರಗಿನಿಂದ ಕಾಣುತ್ತದೆ. ಆ ಮುಖದಲ್ಲಿ ಪರದೆಯ ಮಾತೇ ಇರುವುದಿಲ್ಲ. ಮದುವೆಯ ದಿನ ಬಂದು ನೋಡಿದರೆ ಕಿಟಕಿಯಿದ್ದಲ್ಲಿ ಗೋಡೆ. ಹಸಿ ಗಾರೆಯ ವಾಸನೆ. ರೂಬೆನ್‌ನ ಬೆರಳ ತುದಿಗಳು ಸುಣ್ಣಕ್ಕೆ ಬೆಂದು ಸುಲಿದಿದ್ದವು. ಉಂಗುರ ತೊಡಿಸುವಾಗ ನೋವಿನಿಂದ ಮುಖ ಕಿವುಚಿದ. ಅವನೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ರೂಬೆನ್ ಊಟಕ್ಕೆ ಬರುತ್ತಿರುವುದು ಹೊಲದ ಕಡೆಯಿಂದ ಕಾಣಿಸಿತು. ಮಂಡಿವರೆಗೆ ಕೆಸರು, ಕೈಯಲ್ಲಿ ಬೀಟ್ ಕತ್ತರಿಸುವ ಕೊಕ್ಕೆಗತ್ತಿ. ಥರ್ಲೋ ಅವನನ್ನು ನೋಡಿದ, ಕೆಸರನ್ನು ನೋಡಿದ, ಆಮೇಲೆ ಹೆಸ್ಟರ್‌ಳನ್ನು ನೋಡಿದ. ಅವಳ ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಬೇರೆಯವಳ ರೊಟ್ಟಿ ಕದ್ದು ಸಿಕ್ಕಿಬಿದ್ದಾಗ ಹೀಗೇ ಆಗಿತ್ತು. ಅವನು ಸಭ್ಯ; ರೂಬೆನ್‌ನ ಕೈಕುಲುಕಿ, ಇಂಥ ಮನೆ ಉಳಿಯಬೇಕು ಎಂದು ಹೊಗಳಿ, ಟೀಗೂ ನಿಲ್ಲದೆ ಹೊರಟ. ಗೇಟು ದಾಟಿದ ಮೇಲೆ ತಿರುಗಿ ನೋಡುತ್ತಾನೇನೋ ಎಂದು ಅವಳು ನಿಂತು ನೋಡಿದಳು. ಅವನು ಕತ್ತು ಬಗ್ಗಿಸಿಕೊಂಡು, ಕೋಟಿನ ಕಾಲರು ಎತ್ತಿಕೊಂಡು, ಸರಸರನೆ ನಡೆದುಹೋದ.

ಬೇಯಿಸಿದ ಹಂದಿಮಾಂಸ, ಹಿಟ್ಟಿನುಂಡೆ, ಈರುಳ್ಳಿ ಉಪ್ಪಿನಕಾಯಿ. ರೂಬೆನ್ ತಟ್ಟೆಯ ಮೇಲೆ ಬಗ್ಗಿ ಉಣ್ಣುತ್ತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರ ನಡುವೆ ಉಳಿದದ್ದು ಮಳೆ, ದನ, ಉಪ್ಪು ಹೆಚ್ಚೋ ಕಡಿಮೆಯೋ ಎಂಬ ಮಾತು. ಮಕ್ಕಳಾಗಲಿಲ್ಲ. ಎರಡು ಸಲ ಆದಂತಾಗಿ ನಿಲ್ಲಲಿಲ್ಲ. ಹೆಸ್ಟರ್ ತನ್ನ ಉಂಡೆಯನ್ನು ಚಮಚದ ಅಂಚಿನಿಂದ ಒಡೆಯುತ್ತ, ಆತ ಎಡತುದಿಯ ಕಿಟಕಿಯನ್ನು ನೋಡಿ ಕಂದಾಯದ ಕಾಲದ್ದು ಅಂದ ಎಂದಳು.

"ಹೂಂ," ಎಂದ ರೂಬೆನ್. "ತಾತನೂ ಅದನ್ನೇ ಹೇಳೋನು."

"ಯಾವ ತಾತ?"

"ನನಗೆಷ್ಟು ಜನ ತಾತಂದಿರು? ಅದು ಮೊದಲಿಂದ್ಲೂ ಹಾಗೇ ಇತ್ತು ಅನ್ನೋನು."

ಅವಳು ಚಮಚ ಕೆಳಗಿಟ್ಟಳು. ಅವನ ಮುಖದಲ್ಲಿ ಕಪಟವಿರಲಿಲ್ಲ. ಬಿಸಿ ಉಂಡೆಯನ್ನು ಬಾಯಲ್ಲಿ ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತ, ಕಿಟಕಿಯಾಚೆಯ ಮೋಡ ನೋಡುತ್ತಿದ್ದ. "ರೂಬೆನ್, ಅದನ್ನ ಮುಚ್ಚಿದ್ದು ನೀನು," ಎಂದಳು ಅವಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು.

ಅವನು ಅಗಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಜ್ವರ ಬಂದ ಕರುವನ್ನು ನೋಡುವ ಹಾಗೆ, ಮೆತ್ತಗೆ. "ನಿನಗೆ ನಿದ್ದೆ ಸಾಲ್ದು ಕಣೇ. ಮಧ್ಯಾಹ್ನ ಸ್ವಲ್ಪ ಒರಗಿಕೋ," ಎಂದು ಹೇಳಿ, ಟೀ ಸುರಿದುಕೊಂಡು ಕುಡಿದು, ಕತ್ತಿ ತೆಗೆದುಕೊಂಡು ಹೊಲಕ್ಕೆ ಹೋದ.

ಪಾತ್ರೆ ತೊಳೆದಳು. ಕೋಳಿಗಳಿಗೆ ಕಾಳು ಚೆಲ್ಲಿದಳು. ಎಲ್ಲ ಕೆಲಸವೂ ಕೈಯಿಂದ ಆಗುತ್ತಿತ್ತು, ಅವಳು ಮಾತ್ರ ಅಲ್ಲಿರಲಿಲ್ಲ. ಅತ್ತೆ ಸತ್ತು ಮಣ್ಣಾಗಿದ್ದಳು. ಗಾಡಿಯಲ್ಲಿ ಬಂದ ತಂದೆ, ನಕ್ಕ ಚಿಕ್ಕಮ್ಮ, ಗೇಟಿನಲ್ಲಿ ಸಾಲು ನಿಂತ ಮಕ್ಕಳಲ್ಲಿ ಅರ್ಧ ಜನ, ಎಲ್ಲರೂ ಹೋಗಿದ್ದರು. ಓದಿದವನು ಇನ್ನೂರು ವರ್ಷ ಎಂದ, ಕಟ್ಟಿದವನು ಮೊದಲಿನಿಂದಲೂ ಎಂದ. ಹಾಗಾದರೆ ಅಲ್ಲೊಂದು ಕಿಟಕಿಯಿತ್ತು ಎಂಬುದು ಲೋಕದಲ್ಲಿ ತನ್ನೊಬ್ಬಳ ತಲೆಯೊಳಗೆ ಮಾತ್ರ ಉಳಿದಿದೆ. ಆ ತಲೆಯೂ ಹೋದರೆ ಗೋಡೆ ನಿಜಕ್ಕೂ ಹುಟ್ಟಾ ಗೋಡೆಯೇ ಆಗಿಬಿಡುತ್ತದೆ. ಇದು ಸಮಾಧಾನ ಕೊಡಬೇಕಿತ್ತು. ಆದರೆ ಬಂದವನಿಗೆ ಸೆಲ್ಯೂಟ್ ಹೊಡೆದವರು ಯಾರು? ಹೊತ್ತು ಇಳಿಯುತ್ತಿತ್ತು. ಒರಗಿಕೊಳ್ಳಬೇಕೆಂದು ಮೆಟ್ಟಿಲು ಹತ್ತಿದವಳು ತನ್ನ ಕೋಣೆಗೆ ತಿರುಗದೆ ಓಣಿಯ ಕೊನೆಯವರೆಗೂ ನಡೆದುಹೋದಳು.

ಕೋಣೆಯಲ್ಲಿ ಹಿತ್ತಲ ಕಡೆಯ ಪುಟ್ಟ ಗವಾಕ್ಷಿಯೊಂದರಿಂದಲೇ ಬೆಳಕು. ನೆಲದ ತುಂಬ ಹುಲ್ಲಿನ ಮೇಲೆ ಸೇಬು. ಮೂಲೆಯಲ್ಲಿ ಸೈಲಸ್‌ನ ಕಬ್ಬಿಣದ ಮಂಚ, ಅದರ ತಲೆಭಾಗದ ಸಡಿಲ ಮರದ ಹಲಗೆ ಆ ಗೋಡೆಗೆ ಒತ್ತಿಕೊಂಡಿತ್ತು. ಕಿಟಕಿ ಮುಚ್ಚಿದ ಮೇಲೆ ಅವನು ಇಲ್ಲಿ ಬಹಳ ವರ್ಷ ಬದುಕಿದ. ತಟ್ಟೆ ತರುತ್ತಿದ್ದವಳು ಹೆಸ್ಟರ್. ಯಾವಾಗ ಬಂದರೂ ಅವನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ, ತಿರುಗುತ್ತಿರಲಿಲ್ಲ. ತನ್ನ ಮೇಲಿನ ಮುನಿಸೆಂದು ಅವಳು ತಿಳಿದಿದ್ದಳು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಅವನ ಕತ್ತಿನ ಹಿಂದಿನ ಕೂದಲನ್ನು ನೋಡಿ, ಹೊರಟುಹೋಗುತ್ತಿದ್ದಳು. ಈಗ ಸೇಬುಗಳನ್ನು ಕಾಲಿನಿಂದ ಸರಿಸುತ್ತ ಹೋಗಿ ಮಂಚದ ಮೇಲೆ ಮಂಡಿಯೂರಿದಳು. ಹಲಗೆಗೂ ಗೋಡೆಗೂ ನಡುವೆ ಕೈ ತೂರಿಸಿದಳು, ಗಿಲಾವು ಮುಟ್ಟಿ ಅದು ಗೋಡೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕೆನಿಸಿತ್ತು. ಬೆರಳಿಗೆ ಗಿಲಾವು ಸಿಗಲಿಲ್ಲ.

ಕೆಳಗಿಳಿದು ಮಂಚವನ್ನು ಎಳೆದಳು. ಹಲಗೆಯ ಮರೆಯಲ್ಲಿ, ಅದನ್ನು ಪಕ್ಕಕ್ಕೆ ಸರಿಸಿ ಕೂತವನ ಕಣ್ಣಿನ ಮಟ್ಟಕ್ಕೆ, ಅಂಗೈಯಗಲ ಗಿಲಾವನ್ನು ನೀಟಾಗಿ ಕೆರೆದು ತೆಗೆಯಲಾಗಿತ್ತು. ಅಲ್ಲಿ ಅಡ್ಡ ಮಲಗಿದ ಒಂದು ಇಟ್ಟಿಗೆಯ ತುದಿ ಕಾಣುತ್ತಿತ್ತು. ಅದರ ಸುತ್ತ ಗಾರೆಯಿರಲಿಲ್ಲ. ಚಮಚದಿಂದಲೋ ಉಗುರಿನಿಂದಲೋ ಕೊನೆಯ ಹರಳಿನವರೆಗೂ ಕೆತ್ತಿ ತೆಗೆದಿದ್ದ. ಇಟ್ಟಿಗೆಯ ಮೂಲೆಗಳು ಸವೆದು, ಎಣ್ಣೆಗೈ ಹತ್ತಿದ ಬಾಗಿಲ ಹಿಡಿಯಂತೆ ನುಣುಪಾಗಿದ್ದವು. ಎರಡು ಬೆರಳಿನಿಂದ ಹಿಡಿದು ಎಳೆದಳು. ಅದು ಸದ್ದಿಲ್ಲದೆ, ಮೇಜಿನ ಡ್ರಾಯರು ಬರುವಷ್ಟು ಸಲೀಸಾಗಿ, ಪೂರ್ತಿ ಉದ್ದಕ್ಕೂ ಅವಳ ಕೈಗೆ ಬಂತು. ಒದ್ದೆ ಎಲೆಯ ವಾಸನೆಯ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು.

ಬಗ್ಗಿ ತೂತಿಗೆ ಕಣ್ಣು ಹಚ್ಚಿದಳು. ಪೇರು ಮರದ ಕೊಂಬೆಗಳ ಸಂದಿಯಿಂದ ಮೊದಲು ಕಂಡದ್ದು ರಸ್ತೆಯಲ್ಲ, ನೇರ ಕೆಳಗಿನ ಮರದ ಬೆಂಚು. ಹೊಟ್ಟೆಯಲ್ಲಿ ನಿಲ್ಲದ ಮಕ್ಕಳಿಗಾಗಿ ಅವಳು ಅತ್ತದ್ದೆಲ್ಲ ಆ ಬೆಂಚಿನ ಮೇಲೆ. ಮನೆಯ ಉಳಿದ ಎಲ್ಲ ಕಡೆಗೂ ಒಂದಲ್ಲ ಒಂದು ಕಿಟಕಿಯಿತ್ತು. ಕಣ್ಣಿಲ್ಲದ ಜಾಗವೆಂದೇ ಅದನ್ನು ಆರಿಸಿಕೊಂಡಿದ್ದಳು. ಅಲ್ಲಿ ಮುಖ ಮುಚ್ಚಿಕೊಳ್ಳದೆ, ಬಾಯಿಬಿಟ್ಟು, ಮೂಗು ಸೋರಿಸಿಕೊಂಡು ಅತ್ತಿದ್ದಳು. ಒಂದು ಶರತ್ಕಾಲದ ಸಂಜೆ ತಂಗಿ ಮೇಬಲ್ ಬಂದಿದ್ದಾಗ ಹೆಸ್ಟರ್ ಅಲ್ಲೇ ಕೂತು ಬಟಾಣಿ ಸುಲಿಯುತ್ತ ಅವಳಿಗೆ, ಮೇಲಿನವನು ಇರುವವರೆಗೆ ಈ ಮನೆಯಲ್ಲಿ ಮಗು ಹುಟ್ಟಲ್ಲ, ದೇವರು ಅವನನ್ನ ಬೇಗ ಕರ್ಕೊಂಡ್ರೆ ಸಾಕು ಎಂದಿದ್ದಳು. ಗಟ್ಟಿಯಾಗಿಯೇ ಅಂದಿದ್ದಳು. ಅಲ್ಲ, ಶರತ್ಕಾಲದಲ್ಲಿ ಬಟಾಣಿ ಎಲ್ಲಿ, ಬೀನ್ಸ್ ಇರಬೇಕು. ಮಾತು ಮಾತ್ರ ಅದೇ. ಆ ಚಳಿಗಾಲದಲ್ಲೇ ಸೈಲಸ್ ತಟ್ಟೆಯನ್ನು ಅರ್ಧಕ್ಕೆ ಬಿಡತೊಡಗಿದ್ದು, ಆಮೇಲೆ ಮುಟ್ಟದೆ ಬಿಡತೊಡಗಿದ್ದು, ಕೊನೆಗೆ ತೀರಿಕೊಂಡದ್ದು. ಗೋಡೆಗೆ ಮುಖ ಮಾಡಿ ಕೂತವನು ಗೋಡೆಯನ್ನು ನೋಡುತ್ತಿರಲಿಲ್ಲ. ಅವಳು ತಟ್ಟೆಯಿಟ್ಟು ಅವನ ಬೆನ್ನಿಗೆ ಬೆನ್ನು ಹಾಕಿ ಹೋದದ್ದನ್ನು ಬಿಟ್ಟು, ಅವಳ ಉಳಿದದ್ದನ್ನೆಲ್ಲ ಅವನು ನೋಡಿದ್ದ.

ಹೊರಗೆ ಬೆಳಕು ಬೂದಿಯ ಬಣ್ಣಕ್ಕೆ ಬಂದಿತ್ತು. ಇಟ್ಟಿಗೆಯನ್ನು ಎದೆಗೊತ್ತಿಕೊಂಡು ಅವಳು ಎಷ್ಟು ಹೊತ್ತು ಹಾಗೇ ಇದ್ದಳೋ. ಬೂಟಿನ ಸದ್ದು ಕೇಳಿ ಮತ್ತೆ ಕಣ್ಣು ಹಚ್ಚಿದಳು. ರೂಬೆನ್ ಹೊಲದಿಂದ ಬರುತ್ತಿದ್ದ. ಯಾವತ್ತೂ ಕೊಟ್ಟಿಗೆಯ ಕಡೆಯಿಂದ ಹಿತ್ತಲಿಗೆ ಬರುವವನು, ಮನೆಯ ಮುಂದೆ ಸುತ್ತಿಕೊಂಡು, ಹುಲ್ಲಿನ ಮೇಲೆ ಅಭ್ಯಾಸದ ಹೆಜ್ಜೆಯಿಟ್ಟು ಬಂದು ಪೇರು ಮರದ ಬುಡದಲ್ಲಿ ನಿಂತ. ಅತ್ತಿತ್ತ ನೋಡಲಿಲ್ಲ. ಮುಖವನ್ನು ನೇರ ಮೇಲಕ್ಕೆತ್ತಿ, ಆ ತೂತನ್ನೇ ನೋಡಿದ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅಷ್ಟು ಮೃದುವಾದ ಮುಖವನ್ನು ಹೆಸ್ಟರ್ ಅವನಲ್ಲಿ ಎಂದೂ ಕಂಡಿರಲಿಲ್ಲ.

"ಇವತ್ತೂ ತೆಗ್ದಿದೀಯಾ?" ಎಂದ ಅವನು, ಪಕ್ಕದಲ್ಲಿ ಕೂತವರೊಡನೆ ಮಾತಾಡುವಷ್ಟು ಮೆಲ್ಲಗೆ. "ಶೀತ ಆಗುತ್ತೆ ಕಣೋ. ಒಳಗ್ ಹೋಗು."

ಇವತ್ತೂ. ಈ ಕೋಣೆಗೆ ಅವಳು ಸೇಬು ಹರಡಲು ಬಿಟ್ಟರೆ ಬರುತ್ತಿರಲಿಲ್ಲ, ರೂಬೆನ್ ಕಾಲೇ ಇಡುತ್ತಿರಲಿಲ್ಲ. ಕೂಗಿ ಹೇಳಬೇಕು, ನಾನು, ಹೆಸ್ಟರ್, ಎಂದು ಹೇಳಬೇಕು. ಹೇಳಿದರೆ ಅವನ ಮುಖ ಹೇಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಲುಗಾಡದೆ ನಿಂತಳು. ಅವನು ಇನ್ನೂ ಸ್ವಲ್ಪ ಹೊತ್ತು ಕಾದ, ಏನನ್ನೋ ಕೇಳಿಸಿಕೊಂಡವನಂತೆ ತಲೆಯಾಡಿಸಿದ, ಬೂಟಿನ ಕೆಸರನ್ನು ಹುಲ್ಲಿಗೆ ಒರೆಸಿ ಹಿತ್ತಲ ಕಡೆಗೆ ನಡೆದ.

ಕೆಳಗೆ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಕುರ್ಚಿ ಎಳೆದುಕೊಂಡ. "ಹೆಸ್ಟರ್," ಎಂದು ಕರೆದ, ದಿನದ ದನಿಯಲ್ಲಿ, ಟೀಗೆ. ಹಿಂದಿನಿಂದ ಹುಲ್ಲಿನ ಮೇಲೆ ಒಂದು ಸೇಬು ತಾನಾಗಿ ಉರುಳಿ ಅವಳ ಹಿಮ್ಮಡಿಗೆ ತಾಗಿ ನಿಂತಿತು. ಓಗೊಟ್ಟರೆ ದನಿ ಯಾವ ಕೋಣೆಯಿಂದ ಬಂತೆಂದು ಅವನಿಗೆ ತಿಳಿದುಬಿಡುತ್ತದೆ. ಅವನು ಮತ್ತೊಮ್ಮೆ ಕರೆದ. ಹೆಸ್ಟರ್ ಮಂಚದ ಅಂಚಿನಲ್ಲಿ ಮೆಲ್ಲಗೆ ಕೂತು, ಗೋಡೆಗೆ ಮುಖ ಮಾಡಿಕೊಂಡಳು.